ಗುಂಡನ ಹಲ್ಲು

ಜುಲೈ 15, ಸೋಮವಾರ. ಬೆಳಿಗ್ಗೆ 6.10

ಗುಂಡ ಮತ್ತೆ ತಿಂದಿಲ್ಲ. ಕ್ಯಾರೆಟ್ ಹಾಗೇ ಬಿದ್ದಿದೆ. ಬೆಣ್ಣೆ ತನ್ನ ಪಾಲು ಮುಗಿಸಿ ಗುಂಡನ ಪಾಲಿಗೂ ಬಾಯಿ ಹಾಕಿದಾನೆ. ಗರಿಕೆಯೆಲ್ಲ ಒದ್ದೆ. ಬೋನು ತೊಳೆದು, ಪೇಪರ್ ಹಾಸಿ, ನೀರಿನ ಬಾಟಲ್ ಸಿಕ್ಕಿಸೋದ್ರಲ್ಲಿ ಬೆವರು. ಮಲ್ಲಿಪಟ್ಟಣದ ಬಸ್ಸು ಇವತ್ತೂ ತಪ್ಪುತ್ತೆ. ಪ್ರೇಯರ್‌ಗೆ ಪಿ.ಟಿ. ಮೇಷ್ಟ್ರೇ ಲೇಟು. ಮಕ್ಕಳಿಗೆ ಏನಂತ ಗದರಲಿ?

ಯಮುನಾ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರ್ಕೊಂಡು ಮೂರು ದಿನ. ಆರು ವಾರ ಪ್ಲಾಸ್ಟರ್. ಅಡುಗೆ ಒಪ್ಕೊಂಡೆ, ಬಟ್ಟೆ ಒಪ್ಕೊಂಡೆ. ಈ ಎರಡು ಗಿನಿ ಪಿಗ್, ಗುಂಡ, ಬೆಣ್ಣೆ, ಇವು ಮಾತ್ರ... ಆರು ವರ್ಷದ ಹಿಂದೆ ಪಕ್ಕದ ಮನೆ ಬ್ಯಾಂಕ್ ಮ್ಯಾನೇಜರ್ ಟ್ರಾನ್ಸ್‌ಫರ್ ಆದಾಗ, ಪಾಪ ಮರಿಗಳು ಅಂತ ಇಸ್ಕೊಂಡೋಳು ಅವಳು. ನಾನಲ್ಲ. ಅವತ್ತಿಂದ ನನ್ನ ಬಾಯಲ್ಲಿ ಅವು "ನಿನ್ನ ಇಲಿಗಳು".

ಕುರ್ಚೀಲಿ ಕೂತು ಡೈರೆಕ್ಷನ್ ಬೇರೆ.

"ತೆಳ್ಳಗೆ ರೀ. ಕಡ್ಡಿ ಥರ ಹೆಚ್ಚಿ. ಗುಂಡಂಗೆ ದಪ್ಪ ಅಗಿಯಕ್ಕಾಗಲ್ಲ."

"ನಾನೇನು ಅಡುಗೆ ಭಟ್ಟನಾ?"

ಹೆಚ್ಚಿದೆ. ಮೂಸಿ ನೋಡಿ ಮೂಲೆಗೆ ಹೋಯ್ತು.


ಜುಲೈ 17, ಬುಧವಾರ

ಬರೆಯೋಕೂ ಅಸಹ್ಯ. ಆದ್ರೂ ಬರೀತೀನಿ, ಇನ್ಯಾರ ಹತ್ರ ಹೇಳ್ಕೊಳ್ಳಲಿ.

ವಯಸ್ಸಾದ ಗಂಡು ಗಿನಿ ಪಿಗ್‌ಗೆ ಹಿಂಭಾಗದ ಸ್ನಾಯು ಸಡಿಲ ಆಗುತ್ತಂತೆ. ಹಿಕ್ಕೆ ಆಚೆ ಬರದೆ ಅಲ್ಲೇ ಗಟ್ಟಿ ಕಟ್ಕೊಳ್ಳುತ್ತೆ. ಕೊಬ್ರಿ ಎಣ್ಣೆ ಸವರಿ, ಮೆಲ್ಲಗೆ ಒತ್ತಿ, ತೆಗೀಬೇಕು. ದಿನಾ! ಇಪ್ಪತ್ತೆಂಟು ವರ್ಷ ಗ್ರೌಂಡಲ್ಲಿ ನಿಂತ ಕೈ ಇದು. ಡಿಸ್ಕಸ್ ಎಸೆದ ಕೈ. ಮೊದಲನೇ ಸಲ ಮೂಗಿಗೆ ಕರ್ಚೀಫ್ ಕಟ್ಕೊಂಡೆ. ಎರಡನೇ ಸಲ ಗುಂಡ ನನ್ನ ಶರ್ಟ್ ಮೇಲೆ ಉಚ್ಚೆ ಹುಯ್ದ.

"ಯಾವಾಗಿಂದ ಮಾಡ್ತಿದೀಯ ಇದನ್ನ?" ಕೇಳ್ದೆ.

"ಹೋದ ದೀಪಾವಳಿಯಿಂದ."

ಒಂದೇ ಮನೇಲಿದ್ದೆ ನಾನು. ಗೊತ್ತೇ ಇರ್ಲಿಲ್ಲ. ಗಬ್ಬುನಾತ ಅಂತ ಕಿಟಕಿ ತೆಗೆದದ್ದು ಮಾತ್ರ ನೆನಪಿದೆ.


ಜುಲೈ 20, ಶನಿವಾರ

ಉಗುರು ಕತ್ತರಿಸೋಕೆ ಹೋಗಿ ಎಡವಟ್ಟು. ಎಳೇದ್ರಲ್ಲಿ ಉಗುರಿನೊಳಗಿನ ಕೆಂಪು ಗೆರೆ ಕಾಣ್ತಿತ್ತಂತೆ. ಈಗ ದಪ್ಪ, ಹಳದಿ, ಕುಡುಗೋಲಿನ ಹಾಗೆ ಸೊಟ್ಟ. ಎಲ್ಲಿ ಕತ್ತರಿಸಬೇಕೋ ಯಾರಿಗೆ ಗೊತ್ತು? ರಕ್ತ ಬಂತು. ಗುಂಡ ಕಿರುಚಿದ್ದಕ್ಕೆ ಬೆಣ್ಣೆನೂ ಕಿರುಚಿದ. ಬೆಣ್ಣೆಗೆ ಎರಡು ಕಣ್ಣಿಗೂ ಪೊರೆ, ಏನಾಯ್ತು ಅಂತ ಕಾಣಲ್ಲ, ಗಾಬರಿ ಬಿದ್ದು ಬೋನಿಗೆ ಮೂತಿ ಗುದ್ದಿಕೊಂಡ. ಅರಿಶಿನ ಒತ್ತಿ ಹಿಡಿದೆ.

ಯಮುನಾ ಓಡಿ ಬಂದ್ಲು. ಒಂದು ಕೈ ಕುತ್ತಿಗೆಗೆ ಕಟ್ಟಿದೆ, ಇನ್ನೊಂದು ಕೈಲಿ ಏನೂ ಮಾಡೋಕಾಗಲ್ಲ. ನಿಂತೇ ಅತ್ಲು. ನಂಗೆ ಸಿಟ್ಟು. ಯಾರ ಮೇಲೆ ಅಂತ ಗೊತ್ತಿಲ್ಲ.


ಜುಲೈ 29, ಸೋಮವಾರ. ಸಂಜೆ

ತರಕಾರಿ ತೂಗೋ ತಕ್ಕಡೀಲಿ ಕೂರಿಸಿದೆ. 790 ಗ್ರಾಂ. ಹೋದ ವಾರ 860. ವಯಸ್ಸಲ್ಲಿ ಸಾವಿರದ ನೂರು ಇತ್ತಂತೆ. ಬೆನ್ನು ಸವರಿದ್ರೆ ಮೂಳೆ ಎಣಿಸಬಹುದು. ಹಿಂಗಾಲು ಎಳೀತಾನೆ. ಗಲ್ಲದ ಕೆಳಗೆ ಜೊಲ್ಲು, ಕೂದಲು ಅಂಟಂಟು.

ಮಂಚಯ್ಯನ ಹತ್ರ ಹೋದೆ. ಸುತ್ತ ಹತ್ತಳ್ಳಿ ದನಕ್ಕೆ ಅವನೇ ಔಷಧಿ ಕೊಡೋನು, ಒಳ್ಳೇ ಕೈಗುಣ. ಟವೆಲ್ ಬಿಚ್ಚಿ ನೋಡಿ ನಕ್ಕ.

"ಅಸು ಎಮ್ಮೆ ಆದ್ರೆ ತನ್ನಿ ಸಾ, ಮೊಳಕೈ ತಂಕ ಕೈ ಆಕ್ತೀನಿ. ಇದ್ರ ಬಾಯೊಳಿಕ್ಕೆ ನನ್ ಕಿರುಬೆರಳೂ ಓಗಾಕಿಲ್ವಲ್ಲ!" ಆಮೇಲೆ ನಗು ನಿಲ್ಲಿಸಿ ಗದ್ದ ಮುಟ್ಟಿ ನೋಡ್ದ. "ದವಡೆ ಅಲ್ಲಿಂದೇ ಕಣ್ ಸಾ ಇದು. ಆಸನದಾಗೆ ಒಬ್ರು ಡಾಕ್ಟ್ರಮ್ಮ ಅವ್ರೆ, ನಾಯಿ ಬೆಕ್ಕು ನೋಡ್ತಾರೆ. ಅಲ್ಗೇ ಓಗಿ. ತಡ ಮಾಡ್ಬ್ಯಾಡಿ."


ಆಗಸ್ಟ್ 1, ಗುರುವಾರ

ರಜೆ ಹಾಕಿ ಹಾಸನ. ಬಸ್ಸಲ್ಲಿ ತೊಡೆ ಮೇಲೆ ಬುಟ್ಟಿ. ಪಕ್ಕದ ಅಜ್ಜಿ "ಮೊಲವಾ ಮಗ?" ಅಂದ್ಲು. ಹೂಂ ಅಂದೆ. ವಿವರಿಸೋ ತಾಳ್ಮೆ ಇಲ್ಲ.

ಡಾಕ್ಟರ್ ಮೇಘಶ್ರೀ. ಸಣ್ಣ ಟಾರ್ಚ್ ಹಾಕಿ ಬಾಯೊಳಗೆ ತೋರಿಸಿದ್ರು. ಇವುಗಳ ಹಲ್ಲು ಸಾಯೋ ತನಕ ಬೆಳೀತಾನೇ ಇರುತ್ತಂತೆ. ಅಗಿದು ಅಗಿದು ಸವೀಬೇಕು. ವಯಸ್ಸಾಗಿ ದವಡೆ ಸೋತ್ರೆ ಸವೆಯೋದು ನಿಲ್ಲುತ್ತೆ, ಬೆಳೆಯೋದು ನಿಲ್ಲಲ್ಲ. ಗುಂಡನ ದವಡೆ ಹಲ್ಲು ಎರಡೂ ಕಡೆಯಿಂದ ವಾಲಿ ನಾಲಿಗೆ ಮೇಲೆ ಸೇತುವೆ ಕಟ್ಟಿವೆ. ನಾಲಿಗೆ ಎತ್ತೋಕೇ ಆಗ್ತಿಲ್ಲ. ಹಸಿವಿದೆ. ನುಂಗೋಕಾಗಲ್ಲ. ಅಷ್ಟೇ!

ಅರಿವಳಿಕೆ ಕೊಟ್ಟು ಬೆಳೆದ ಹಲ್ಲು ಸವರಿ ಗಿಡ್ಡ ಮಾಡಿದ್ರು. ಎದ್ದೇಳೋ ತನಕ ನನ್ನ ಅಂಗೈಲಿ ಇಟ್ಕೊಂಡಿದ್ದೆ.

"ಆರು ವರ್ಷ ಬದುಕೋದು ಸುಮ್ನೆ ಅಲ್ಲ ಸರ್. ಯಾರು ನೋಡ್ಕೋತಿದ್ರು?"

"ನಮ್ಮನೆಯವರು."

ಕಡ್ಡಿ ಥರ ಹೆಚ್ಚಿದ ಕ್ಯಾರೆಟ್. ಮುದ್ದು ಜಾಸ್ತಿ ಅಂತ ಒಂದು ವರ್ಷ ಆಡ್ಕೊಂಡಿದ್ದೆ.


ಆಗಸ್ಟ್ 15, ಗುರುವಾರ

830! ಕೊತ್ತಂಬರಿ ತಾನೇ ಎಳ್ಕೊಂಡು ತಿಂದ. ನೆನೆಸಿದ ಪೆಲೆಟ್ ಮೇವು, ದಪ್ಪ ಮೆಣಸಿನಕಾಯಿ ರುಬ್ಬಿ ಸೂಜಿ ಇಲ್ಲದ ಸಿರಿಂಜಲ್ಲಿ ದಿನಕ್ಕೆ ನಾಲ್ಕು ಸಲ. ಮಧ್ಯಾಹ್ನದ ಪಾಳಿ ಯಮುನಾದು, ಎಡಗೈಲಿ. ಧ್ವಜಾರೋಹಣ, ಡ್ರಿಲ್ ಮುಗಿಸಿ ಸ್ವೀಟ್ ಹಂಚೋದನ್ನ ಬೇರೆಯವರಿಗೆ ಬಿಟ್ಟು ಬಸ್ ಹತ್ತಿದೆ. ಹೆಡ್ ಮಾಸ್ಟರ್ ಮುಖ ಊದಿತ್ತು. ಊದಲಿ.


ಆಗಸ್ಟ್ 23, ಶುಕ್ರವಾರ

ಯಮುನಾಗೆ ಪ್ಲಾಸ್ಟರ್ ತೆಗೆದ್ರು. ಕೈ ಒಣಗಿದ ಕಡ್ಡಿ. ಲೋಟ ಹಿಡಿಯೋಕೂ ನಡುಗುತ್ತೆ.

ಗುಂಡ 760. ಮತ್ತೆ ಜೊಲ್ಲು. ಎಲ್ಲಾ ಸರಿಯಾಗೇ ಮಾಡಿದೀನಲ್ಲ! ಗಂಟೆ ತಪ್ಪಿಲ್ಲ, ಅಳತೆ ತಪ್ಪಿಲ್ಲ. ನಾಳೆ ಅರಕಲಗೂಡಲ್ಲಿ ತಾಲ್ಲೂಕು ಮಟ್ಟದ ಕಬಡ್ಡಿ. ನಮ್ಮ ಹುಡುಗೀರು ಫೈನಲ್‌ಗೆ ಹೋಗೋ ಟೀಮು. ಹೋಗಲ್ಲ ಅಂತ ಗಣಿತದ ರಂಗಸ್ವಾಮಿಗೆ ಹೇಳ್ದೆ. ಕಾರಣ ಕೇಳ್ದ. ಜ್ವರ ಅಂದೆ.


ಆಗಸ್ಟ್ 30, ಶುಕ್ರವಾರ. ಸಂಜೆ 5

680. ಡಾಕ್ಟರಿಗೆ ಫೋನ್ ಮಾಡ್ದೆ. ಹಲ್ಲು ಮತ್ತೆ ಬೆಳೆದಿರುತ್ತೆ, ದವಡೆಗೆ ಬಲಾನೇ ಇಲ್ಲ, ಇನ್ನೊಂದು ಅರಿವಳಿಕೆ ತಡ್ಕೊಳೋದು ಕಷ್ಟ ಸರ್, ನೀವಿಬ್ರೂ ಯೋಚನೆ ಮಾಡಿ ಅಂದ್ರು. ಯೋಚನೆ ಏನು, ಸೋಮವಾರ ಕರ್ಕೊಂಡು ಬರ್ತೀನಿ ಅಂದೆ.

"ಬೇಡ ರೀ," ಅಂದ್ಲು ಯಮುನಾ.

"ಆರು ವರ್ಷ ಸಾಕಿದೋಳು ನೀನು. ನಿಂಗೇ ಬೇಡ್ವಾ?"

"ಸಾಕಿದ್ದಕ್ಕೇ ಹೇಳ್ತಿರೋದು. ಅವನು ಮುಖ ತಿರುಗಿಸ್ತಿದಾನೆ, ನೀವು ಹಿಡಿದು ತುರುಕ್ತಿದೀರ. ಇದು ಸ್ಪೋರ್ಟ್ಸ್ ಡೇ ಅಲ್ಲ. ಗೆಲ್ಲಿಸ್ಲೇಬೇಕು ಅಂತ ಏನಿಲ್ಲ."

ಏನೇನೋ ಕೂಗಾಡ್ದೆ. ನಿಂಗೆ ಕೈ ಮುರೀದಿದ್ರೆ ಇದೆಲ್ಲ ನನ್ನ ತಲೆಗೆ ಬರ್ತಿರ್ಲಿಲ್ಲ ಅಂದೆ. ಅನ್ನಬಾರದಿತ್ತು. ಹೇಮಾವತಿ ಸೇತುವೆ ತನಕ ನಡೆದು ವಾಪಸ್ ಬಂದೆ. ಬಂದು ಹಠಕ್ಕೆ ಸಿರಿಂಜ್ ತುಂಬಿದೆ. ಎರಡನೇ ಗುಟುಕಿಗೆ ನೆತ್ತಿಗೇರ್ತು. ಮೂಗಿಂದ ಹಸಿರು ಬಂತು. ಒದ್ದಾಡಿ ಒದ್ದಾಡಿ ನನ್ನ ಎದೆಗೇ ಒರಗಿದ. ತಪ್ಪಿಸ್ಕೊಂಡು ಹೋಗೋಕೂ ನನ್ನ ಹತ್ರಾನೇ ಬರಬೇಕಾಯ್ತು ಅದಕ್ಕೆ.

ಯಮುನಾ ಪಕ್ಕ ಕೂತು ಗುಂಡನ ಮೂಗು ಒರೆಸಿದ್ಲು.


ಆಗಸ್ಟ್ 31, ಶನಿವಾರ

ಡಾಕ್ಟರಿಗೆ ಹೇಳ್ದೆ, ಹಲ್ಲು ಸವರೋದು ಬೇಡ. ಸರಿ ಸರ್ ಅಂದ್ರು. ನೋವಿಗೆ ಹನಿ ಕೊಡಿ, ಬೆಚ್ಚಗಿಡಿ, ನರಳೋ ಹಾಗಿದ್ರೆ ತನ್ನಿ, ನೋವಿಲ್ಲದ ಹಾಗೆ ಕಳಿಸಿಕೊಡ್ತೀನಿ ಅಂದ್ರು. ಫೋನ್ ಇಟ್ಟ ಮೇಲೆ ಯಮುನಾಗೆ ತಪ್ಪಾಯ್ತು ಅಂದೆ. ಯಾವುದಕ್ಕೆ ಅಂತ ಅವಳು ಕೇಳಲಿಲ್ಲ.

ಹೊತ್ತು ಹೋಗ್ತಿಲ್ಲ. ಸಿಟ್ಟು ಮಾತ್ರ ಹಾಗೇ ಇದೆ. ಆರು ವರ್ಷ ಒಂದೇ ಸೂರಿನಡಿ. ನಂಗೆ ಗೊತ್ತಿರೋದು ಏಳು ವಾರ.


ಸೆಪ್ಟೆಂಬರ್ 1, ಭಾನುವಾರ. ಬೆಳಿಗ್ಗೆ 9.20

ಹಿತ್ತಲ ಮೆಟ್ಟಿಲು. ಎಳೆ ಬಿಸಿಲು. ಗುಂಡ ತೊಡೆ ಮೇಲೆ. ಎಡಗೈ ಅವನ ಮೇಲೆ, ಬಲಗೈಲಿ ಬರೀತಿದೀನಿ. ನರಳಿಲ್ಲ. ಬೆಣ್ಣೆನ ತಂದು ಪಕ್ಕ ಬಿಟ್ಟೆ. ಕಣ್ಣು ಕಾಣದಿದ್ರೂ ನೇರವಾಗಿ ಬಂದು ಗುಂಡನ ಕಿವಿ ಮೂಸಿದ, ಒತ್ತಿ ಕೂತ. ಕಿವಿ ಅಂಚು ಎಷ್ಟು ತೆಳ್ಳಗಿದೆ, ಬಿಸಿಲು ಆಚೆ ಕಾಣುತ್ತೆ. ಇಷ್ಟು ದಿನ ಅವನ ಬಾಯಿ ಒಂದನ್ನ ಬಿಟ್ಟು ಬೇರೆ ಕಡೆ ನೋಡೇ ಇಲ್ಲ ನಾನು.

ಯಮುನಾ ಕಾಫಿ ತಂದ್ಲು. ನಡುಗೋ ಕೈಲಿ, ಅರ್ಧ ಚೆಲ್ಲಿ. ಪಕ್ಕದಲ್ಲಿ ಕೂತ್ಲು. ಗುಂಡನ ಮೇಲೆ ನನ್ನ ಕೈ ಇತ್ತಲ್ಲ, ಅದರ ಮೇಲೆ ತನ್ನ ಕೈ ಇಟ್ಲು.

"ರೀ," ಅಂದ್ಲು. "ಉಸಿರಾಡ್ತಿಲ್ಲ ಅವನು. ಪೆನ್ನು ಕೆಳಗಿಡಿ."

ಒಂದು ನಿಮಿಷ ಅಂದೆ. ಇನ್ನೂ ಬೆಚ್ಚಗೆ