ಮಗಳು ಒರೆಸಿದ ನೆಲ

ಮಂಗಳವಾರ, ಹನ್ನೆರಡನೇ ತಾರೀಕು.

ಮಗಳ ಮಾತು ಇನ್ನೂ ಚುಚ್ಚುತ್ತಿದೆ. ಸಂಜೆ ಹಾಲು ಚೆಲ್ಲಿದಳು. ಒರೆಸು ಎಂದರೆ, "ನೀನೇ ಒರೆಸ್ಕೋ ಅಪ್ಪ. ನಾನು ಒರೆಸಿದ್ರೂ ಆಮೇಲೆ ಕದ್ದು ಒರೆಸ್ತೀಯಲ್ಲ, ನೋಡಿದೀನಿ" ಅಂದುಬಿಟ್ಟಳು. ಆರು ವರ್ಷದ ಪೋರಿ! ಅವಳಮ್ಮ ಬೇರೆ ಮುಸಿಮುಸಿ ನಕ್ಕಳು. ಏನು ಮಾಡಲಿ, ಹಗಲೆಲ್ಲ ಟೈಲ್ಸ್ ಕೂರಿಸುವವನು ನಾನು. ನೆಲದ ಮೇಲೆ ಕಲೆ ಕಂಡರೆ ಕೈ ಸುಮ್ಮನಿರುವುದಿಲ್ಲ. "ಇವತ್ತು ಮುಟ್ಟಲ್ಲ ಪುಟ್ಟಿ, ನಿನ್ನಾಣೆ" ಎಂದೆ. ಮೊಣಕಾಲೂರಿ ಒರೆಸಿದಳು, ಪಾಪ, ಹಾಲನ್ನು ಗೋಡೆಯವರೆಗೂ ಬಳಿದಳು.

ಈಗ ಇಬ್ಬರೂ ಮಲಗಿದ್ದಾರೆ. ಮೇಜಿನ ಕೆಳಗೆ ಬಿಳಿ ಗೆರೆ, ಅದಕ್ಕೆ ಇರುವೆ ಸಾಲು. ತಡೆಯಲಾಗದೆ ಒರೆಸುವ ಬಟ್ಟೆ ಹುಡುಕಿದೆ. ಎಲ್ಲೂ ಇಲ್ಲ. ಕೊನೆಗೆ ನೋಡಿದರೆ, ಅದರ ತುದಿ ಮಗಳ ದಿಂಬಿನಡಿಯಿಂದ ಇಣುಕುತ್ತಿದೆ. ಅಪ್ಪನ ಆಣೆಯ ಬೆಲೆ ಅವಳಿಗೆ ಚೆನ್ನಾಗಿ ಗೊತ್ತು.

ಆಗಲಿ. ಉಳಿದದ್ದನ್ನು ಇರುವೆಗಳೇ ಒರೆಸಲಿ.