ಗುಡ್ಡ ಹತ್ತದ ವರ್ಷ

ಆನೆಗುಂದಿ, ತಾ. ಗಂಗಾವತಿ
ಆಗಸ್ಟ್ ೮, ೨೦೨೩, ಮಂಗಳವಾರ

ಭವಾನಿಯ ಅಪ್ಪಗ, ಆಕಿ ಅವ್ವ ಸುಮಂಗಲಾ ಮಾಡೂ ನಮಸ್ಕಾರ.

ಅರಾಮ ಅದೀರೇನು? ಮೈ ಹೆಂಗೈತಿ? ಗಿಣಿಗೇರಾದಾಗ ಫ್ಯಾಕ್ಟರಿ ಧೂಳು ಭಾಳ ಅಂತ ಕೇಳೀನಿ. ನಿಮಗ ಮೊದಲ ಕೆಮ್ಮು, ಮಲಗೂಮುಂದ ಬಿಸಿನೀರು ಕುಡೀರಿ. ಯಾವ ಖಾನಾವಳ್ಯಾಗ ಏನು ಉಣ್ತೀರೋ ನನಗ ಗೊತ್ತಿಲ್ಲ. ಇಲ್ಲಿ ನಾವೆಲ್ಲಾ ಅರಾಮ ಅದೀವಿ. ಪತ್ರ ಅಂದಮ್ಯಾಲ ಹಂಗ ಬರೀತಾರ, ಅದಕ್ಕ ಬರದೀನಿ. ನೀವು ಅಲ್ಲಿ ಲಾರಿ ಗ್ಯಾರೇಜಿನ್ಯಾಗ ಅದೀರಿ ಅಂತ ನಿಮ್ಮ ದೋಸ್ತ ಮುನವ್ವರ ಹೇಳಿದ. ಜೀಪಿಗೆ ಟೈರ್ ತರಾಕ ಹೋದಾಗ ನಿಮ್ಮನ್ನ ನೋಡ್ಯಾನ. ನಾನು ಮುಂಬೈನೋ ಗೋವಾನೋ ಅಂತ ತಿಳದಿದ್ದೆ, ನೀವು ನೋಡಿದ್ರ ಮಗ್ಗಲದಾಗ ಅದೀರಿ. ಒಂದು ಬಸ್ಸಿನ ದಾರಿ. ನನಗ ಸಿಟ್ಟು ಬರ್ಬೇಕಿತ್ತು, ಇಲ್ಲಾ ಅಳು ಬರ್ಬೇಕಿತ್ತು. ಹೌದಾ ಅಂದೆ, ಒಲಿ ಮ್ಯಾಲಿನ ಹಾಲು ಇಳಿಸಿದೆ. ನಿಮ್ಮ ಹಳೇ ನಂಬರ್ ಬಂದ್ ಐತಿ, ಹೊಸಾದು ಯಾರಿಗೂ ಕೊಡಬ್ಯಾಡ ಅಂತ ಅವಗ ಆಣಿ ಹಾಕೀರಂತ. ಆಣಿ ನಂಬರಿಗೆ ಐತಿ, ಪತ್ರಕ್ಕಿಲ್ಲ, ಬರದು ಕೊಡ್ರಿ ಅಕ್ಕಾ ಅಂದ, ಪುಣ್ಯಾತ್ಮ. ಅದಕ್ಕ ಬರ್ಯಾಕತ್ತೀನಿ. ಅಕ್ಷರ ಛಲೋ ಇಲ್ಲ, ಹೊಂದಿಸಿಕೊಂಡು ಓದ್ರಿ.

ನಿಮ್ಮ ಮಗಳು ಈಗ ಸಾಲಿಗೆ, ಒಂದನೇತ್ತಾಕ ಹೋಗ್ತಾಳ. ಮುಂದಿನ ಹಲ್ಲು ಬಿದ್ದಾವ, ನಕ್ರ ನಿಮ್ಮಪ್ಪನ ಹಂಗ ಕಾಣತಾಳ. ನಿಮ್ಮ ಜೀಪೂ ಛಲೋ ಐತಿ. ಮುನವ್ವರ ಅದರ ಮ್ಯಾಲಿನ ಕಬ್ಬಿಣ ಬಡಿಸಿ ನೆಟ್ಟಗ ಮಾಡ್ಸಿ, ಬಣ್ಣ ಹಚ್ಚಿ, ನೀವು ಮಾಡ್ತಿದ್ದ ಕೆಲಸಾನ ಮಾಡ್ತಾನ. ಪ್ರವಾಸಿ ಮಂದೀನ್ನ ಕುಂದ್ರಿಸಿಕೊಂಡು ಅಂಜನಾದ್ರಿ, ಪಂಪಾ ಸರೋವರ, ಸಾಣಾಪುರ ಕೆರಿ, ಹಿರೇಬೆಣಕಲ್ ಗುಡ್ಡ ತೋರಸ್ತಾನ. ಅವರಿಗೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣಿಗಾಯಿ ಬುತ್ತಿ ಕಟ್ಟೂದು ನನ್ನ ಕೆಲಸ. ಮಂದಿ ನನ್ನ ರೊಟ್ಟಿ ಹೊಗಳ್ತಾರ. ಸಂತೋಷ ಆಗಬೇಕು, ಆಕೈತಿ ಅಂತ ಅನ್ಕೊಂಡೀನಿ.

ನಿಮ್ಮ ತಮ್ಮ ಹುಲಗಪ್ಪ ಹೋದಾಗಿಂದ ನಮ್ಮ ಮನ್ಯಾಗ ಯಾರೂ ಗುಡ್ಡ ಹತ್ತಿದ್ದಿಲ್ಲ. ಪದ್ಧತಿ ನಿಮಗೂ ಗೊತ್ತೈತಿ, ಸಾವಾದ ಮನಿಯವರು ವರ್ಷ ತುಂಬೂತನ ಗುಡ್ಡ ಹತ್ತಬಾರದು, ಗುಡ್ಡದ ಮ್ಯಾಲಿನ ದೇವರ ಮಾರಿ ನೋಡಬಾರದು. ಎರಿ ಹೊಲದ ಸೀಮಿಯವರಿಗೆ ಇದು ಏನೂ ಕಷ್ಟಲ್ಲ ಬಿಡ್ರಿ, ಅವರಿಗೆ ಗುಡ್ಡ ಹುಡುಕಾಕ ಬಸ್ ಹತ್ತಬೇಕು. ನಮಗ ಬಾಗಿಲಾ ತೆರೆದ್ರ ಗುಡ್ಡ, ಹಿತ್ತಲಕ್ಕ ಹೋದ್ರ ಗುಡ್ಡ. ನಿಮ್ಮಪ್ಪ ಕುರಿ ಗುಡ್ಡಕ್ಕ ಹೊಡೀಲಾರದ ವರ್ಷಪೂರ್ತಿ ಕಾಲುವಿ ದಂಡಿ ಹಿಡದು ತಿರುಗ್ಯಾರ. ಭತ್ತದ ಗದ್ದಿಯವರ ಕೂಡ ದಿನಾ ಜಗಳ. ಒಬ್ಬಾಂವ, ಏ ಗ್ಯಾನಪ್ಪಜ್ಜ, ದೇವರು ಅಷ್ಟು ದೊಡ್ಡ ಗುಡ್ಡ ಕೊಟ್ಟಾನ, ನನ್ನ ಬದುವಿಗೆ ಯಾಕ ಬರ್ತಿ ಅಂದನಂತ. ಅವರು ಕುರಿ ತಿರುವಿಕೊಂಡು ಬಂದ್ರಂತ. ನಿಮ್ಮವ್ವ ಅಂಜನಾದ್ರಿ ಮೆಟ್ಟಿಲ ಬುಡದಾಗ ಮೊದಲಿನಂಗ ಕಾಯಿ, ಹೂವು ಇಟ್ಕೊಂಡು ಕುಂದರ್ತಾರ. ಹತ್ತೂ ಮಂದಿಗೆಲ್ಲಾ ಕಾಯಿ ಕೊಟ್ಟು, ಮಂಗ್ಯಾ ಬರ್ತಾವ, ಚೀಲ ಗಟ್ಟಿ ಹಿಡ್ಕೋರಿ ಅಂತಾರ. ತಾವು ಮಾತ್ರ ತೆಲಿ ಎತ್ತಿ ಮ್ಯಾಲ ನೋಡಂಗಿಲ್ಲ.

ಮೊನ್ನಿ ಶನಿವಾರ ರೇಸಿನ ಮಂದಿ ಬಂದ್ರು. ಹೌದು, ಅದ ಜೀಪ್ ರೇಸು, ಈ ವರ್ಷಾನೂ ಇಟ್ಟಾರ. ಹುಬ್ಬಳ್ಳಿ, ಬೆಳಗಾವಿ, ಹೊಸಪೇಟಿ, ಎಲ್ಲೆಲ್ಲಿಂದೋ ಗಾಡಿ ಬಂದಿದ್ವು. ಒಂದೊಂದರ ಗಾಲಿ ನನ್ನ ಎದಿಮಟ ಇದ್ವು. ರೇಸು ರವಿವಾರ, ಶನಿವಾರ ಊರು ನೋಡೂದು ಅಂತ ಗಾಡಿ ಸಾಲಾಗಿ ಹೊಂಟ್ವು, ನಮ್ಮ ಜೀಪು ಎಲ್ಲಾರಕಿಂತ ಮುಂದ. ಹೆಂಗಸರೂ ಅದಾರ, ನೀವೂ ಬರ್ರಿ ಅಕ್ಕಾ ಅಂತ ಮುನವ್ವರ ಕರದ, ಬುತ್ತಿ ಗಂಟಿನ ಕೂಡ ಹೋದೆ. ಇಷ್ಟು ವರ್ಷ ನಿಮ್ಮ ಮಗ್ಗಲಕ ಕುಂತು ನಾನು ಒಂದು ದಿನ ಹಿಂಗ ತಿರುಗಾಡಿದ್ದಿಲ್ಲ ನೋಡ್ರಿ. ಹಿರೇಬೆಣಕಲ್‍ದಾಗ ಅವರೆಲ್ಲಾ ಹಳೇ ಕಾಲದ ಮೋರ್ಯಾರು ಕಟ್ಟಿದ ಕಲ್ಲಿನ ಮನಿ ನೋಡಾಕ ಹತ್ತಿ ಹೋದ್ರು, ನಾನು ಕೆಳಗ ಕುಂತೆ. ಆನೆಗುಂದಿ ಕೋಟಿಗೆ ಹತ್ತಿದ್ರು, ನಾನು ಕೆಳಗ ಕುಂತೆ. ಹುಬ್ಬಳ್ಳಿಯ ಒಬ್ಬಾಕಿ ಟೀಚರಮ್ಮ, ಏನ್ರೀ ಅಕ್ಕಾರ, ಇದ ಊರಾಗ ಇದ್ದು ನೀವು ಮ್ಯಾಲ ನೋಡಂಗಿಲ್ಲೇನು ಅಂದ್ಲು. ಮೊಣಕಾಲು ನೋವು ಅಂದೆ. ಆಕಿ ಪಾಪ ತನ್ನ ಚೀಲದಾಗಿನ ಮುಲಾಮು ಕೊಟ್ಲು, ಕುಂದ್ರಿಸಿ ತಾನ ತಿಕ್ಕಾಕ ಬಂದ್ಲು. ಹಚ್ಚಿಸಿಕೊಂಡೆ, ಇನ್ನೇನು ಮಾಡ್ಲಿ? ನೋವು ಇಲ್ಲದ ಮೊಣಕಾಲು ಹೊತ್ತು ಮುಣುಗೂತನ ಉರೀತು. ಸಾಣಾಪುರ ಕೆರ್‍ಯಾಗ ಮಂದಿ ಹರಿಗೋಲು ಹತ್ತಿ ಗರಗರ ತಿರುಗಿಸಿಕೊಂಡು ಕಿರಚಿದ್ರು. ಅದು ಗುಡ್ಡ ಅಲ್ಲಲ್ಲಾ ಅಂತ ನಾನೂ ಕುಂತೆ. ತಿರುಗಿಸಿದಾಗ ನನಗ ತೆಲಿ ಸುತ್ತು ಬರಲಿಲ್ಲ, ನಗೂನೂ ಬರಲಿಲ್ಲ. ಹರಿಗೋಲಿನಾಂವ, ನಿಮ್ಮ ಗುಂಡಿಗಿ ಗಟ್ಟಿ ಐತ್ರಿ ಅಂದ.

ರವಿವಾರ ನಸುಕಿನ್ಯಾಗ ನಿಮ್ಮಪ್ಪ ಎಬ್ಬಿಸಿ, ಹನ್ನೆರಡು ಅಮಾಸಿ ಹೋದ್ವು, ಇವತ್ತು ರೇಸಿನ ರವಿವಾರ, ಹುಲಗಪ್ಪಗ ವರ್ಷದ ಎಡಿ ಇಟ್ಟು ಬಿಡೂನು ಅಂದ್ರು. ಕುರಿ ಕಾಯಾವ್ರು, ಚಂದ್ರನ್ನ ನೋಡಿ ತಿಂಗಳು ಎಣಸ್ತಾರ, ಅವರ ಲೆಕ್ಕ ಎಂದೂ ತಪ್ಪಿದ್ದಿಲ್ಲ. ಹೋಳಿಗಿ ಮಾಡಿದೆ, ಅವಗ ಸೇರೂ ಬದನಿಕಾಯಿ ಪಲ್ಯ ಮಾಡಿದೆ. ಅವನ ಫೋಟೋದ ಮುಂದ ನಿಮ್ಮಪ್ಪ ತಾವ ಎಡಿ ಇಟ್ರು. ನಿಮ್ಮವ್ವ ಬಾಗಿಲಕಟ್ಟಿಗೆ ಆತು ನಿಂತು ನೋಡಿದ್ರು, ಒಳಗ ಬರಲಿಲ್ಲ.

ಆಮ್ಯಾಲ ನಾನು ಊಟದ ಡಬ್ಬಿ ತಗೊಂಡು ರೇಸಿನ ಜಾಗಕ್ಕ ಹೋದೆ. ಆ ಬೋಳು ಬಂಡೆಗಲ್ಲಿಗೆ ಈ ಸಲ ಕೆಂಪು ಪಟ್ಟಿ ಕಟ್ಟಿ, ಗಾಡಿ ದಾರಿ ಬ್ಯಾರೆ ಕಡಿಗೆ ತಿರುವ್ಯಾರ. ಬಂಡೆ ಒಣಗಿತ್ತು. ಹೋದ ವರ್ಷ ಮಳಿ ಜಿನುಗಿತ್ತಲ್ಲ, ಅದಕ್ಕ ನಿಮ್ಮ ಜೀಪು ಜಾರಿತ್ತು, ಅಷ್ಟ. ನೀವು ಸ್ಟೇರಿಂಗ್ ಬಿಟ್ಟಿದ್ದಿಲ್ಲ ಅಂತ ಮುನವ್ವರ ಎಲ್ಲಾರ ಮುಂದೂ ಹೇಳ್ತಾನ. ಹುಲಗಪ್ಪ ತಾನ ಹಟ ಮಾಡಿ, ಅಣ್ಣನ ಮಗ್ಗಲದ ಸೀಟು ನಂದು ಅಂತ ಹಾರಿ ಕುಂತಿದ್ದ, ನಾನ ನೋಡೀನಿ. ಅಲ್ಲಿ ನಿಂತು ನಾನು ಆ ಕಲ್ಲು ನೋಡಿದೆ, ಭಾಳ ಹೊತ್ತು ನೋಡಿದೆ. ಏನರ ಆಕೈತೇನೋ ಅಂತ ನೋಡಿದೆ. ಏನೂ ಆಗಲಿಲ್ಲ. ಮಂದಿ ಸೀಟಿ ಹೊಡದು, ಮೈಕಿನ್ಯಾಗ ಕೂಗಿ, ಗಾಡಿ ಹೊಗಿ ಕಾರಿ ಕಲ್ಲು ಹತ್ತಿದ್ವು, ಇಳದ್ವು. ನಾನು ಡಬ್ಬಿ ಬಿಚ್ಚಿ ಪಲ್ಯ ನೀಡಿದೆ. ಹೋದ ವರ್ಷ ಗಾಡಿ ಬೋರಲು ಬಿದ್ದಾಗ ಅತ್ತಿದ್ದಷ್ಟ ಖರೆ, ಅಲ್ಲಿಂದ ಈಚೀಗೆ ನನಗ ಅಳು ಬಂದಿಲ್ಲ. ಮೈ ಮ್ಯಾಲ ಜೋಮು ಹಿಡದಂಗ ಆಗೈತಿ ನೋಡ್ರಿ, ಚಿವುಟಿದ್ದು ತಿಳೀತೈತಿ, ನೋಯಂಗಿಲ್ಲ.

ಒಂದು ಮಾತು ನೆಟ್ಟಗ ಬರೀತೀನಿ, ಅಲ್ಲಿ ಇಲ್ಲಿ ಸುತ್ತೂದು ಬ್ಯಾಡ. ಆ ದಿನ ನೀವು ಮೈತುಂಬ ರಕ್ತ ಮಾಡ್ಕೊಂಡು ಬಾಗಿಲದಾಗ ನಿಂತಾಗ ನಿಮ್ಮವ್ವ, ಇಬ್ಬರು ಹೋದ್ರಿ, ಒಬ್ಬಾಂವ ಹೆಂಗ ಬಂದಿ ಅಂದ್ರು. ನೀವು ಅದನ್ನ ನುಂಗಲಿಲ್ಲ, ಉಗುಳಲಿಲ್ಲ. ಹುಲಗಪ್ಪನ ದಿನಕರ್ಮ ಮುಗದ ಮರುದಿನ ಚಪ್ಪಲಿ ಮೆಟ್ಟಿ ಹ್ವಾದ್ರಿ. ಹಡದಾಕಿ ಹೊಟ್ಟಿ ಉರದು ಒಂದು ಮಾತು ಆಡಿದ್ರ ಅದಕ್ಕ ತೂಕದ ಕಲ್ಲು ಇಟ್ಟು ತೂಗತಾರೇನ್ರಿ? ಅವರು ಆ ಮಾತಿನ ಸುದ್ದಿ ಎಂದೂ ತಗದಿಲ್ಲ. ಮಾಫ್ ಮಾಡೀನಿ ಅಂತ ಅಂದಿಲ್ಲ, ಇಲ್ಲ ಅಂತನೂ ಅಂದಿಲ್ಲ. ನಿಮ್ಮ ಹೆಸರು ಬಂದ್ರ ಎದ್ದು ಹಿತ್ತಲಕ್ಕ ಹೋಗ್ತಾರ. ಅವರ ಮನಸಿನ್ಯಾಗ ಏನೈತಿ ಅಂತ ನಾನು ವರ್ಷಪೂರ್ತಿ ಮಾರಿ ನೋಡಿ ನೋಡಿ ಸೋತೀನಿ. ನಿಮಗ ಸುಳ್ಳು ಬರದು ಕರ್ಸಿಕೊಳ್ಳಾಕ ನನಗ ಬರಂಗಿಲ್ಲ.

ರವಿವಾರ ಊಟ ಮುಗಿಸಿ ಬಂದಮ್ಯಾಲ, ವರ್ಷ ತುಂಬಿತಲ್ಲ, ನಡೀರಿ ಹನುಮಪ್ಪನ ದರ್ಶನ ಮಾಡೂನು ಅಂತ ನಾನ ಅತ್ತಿನ್ನ ಎಬ್ಬಿಸಿದೆ. ಮೆಟ್ಟಿಲು ಹತ್ತಿದ್ವಿ. ಅವರು ನಡುವ ನಡುವ ಕುಂತ್ರು, ನಾನು ನೀರು ಕೊಟ್ಟೆ. ಒಂದು ಮಂಗ್ಯಾ ಬಂದು ಅವರ ಕೈಯಾನ ಕಾಯಿ ಕಸಗೊಂಡು ಓಡ್ತು. ಜನ್ಮಪೂರ್ತಿ ಮಂದಿಗೆ ಬುದ್ಧಿ ಹೇಳಿ ಹೇಳಿ ಕಡೀಕ ತಾವ ಕೊಟ್ರು ಅಂತ ನಾನು ಚಾಷ್ಟಿ ಮಾಡಿದೆ. ಅವರು ನಗಲಿಲ್ಲ. ದೇವರಿಗೆ ಕೈ ಮುಗದು ಹೊರಗ ಬಂದು ಬಂಡೆ ಮ್ಯಾಲ ನಿಂತ್ರು. ಕೆಳಗ ಹೊಳಿ, ಹಸರು ಗದ್ದಿ, ಬಾಳಿ ತ್ವಾಟ, ಎಲ್ಲಾ ಇದ್ದಲ್ಲೇ ಇತ್ತು. ಆವಾಗ ಅವರು, ಸುಮಂಗಲಾ, ಗಿಣಿಗೇರಾ ಯಾವ ಕಡಿಗೆ ಬರ್ತೈತಿ ಅಂದ್ರು. ನಾನು ಮುನವ್ವರನ ಮಾತು ಅವರಿಗೆ ಹೇಳಿದ್ದಿಲ್ಲ, ಯಾರು ಹೇಳ್ಯಾರೋ ದೇವರ ಬಲ್ಲ. ಹೊತ್ತು ಮುಣುಗೂ ಕಡಿ ಕೈ ಮಾಡಿ ತೋರಿಸಿದೆ. ಆ ಕಡೆ ಬರೀ ಮಬ್ಬು, ಏನೂ ಕಾಣತಿದ್ದಿಲ್ಲ. ಸೆರಗು ಕಣ್ಣಿಗೆ ಅಡ್ಡ ಹಿಡದು ನೋಡೇ ನೋಡಿದ್ರು. ಇಳಿಯೂನು ನಡೀ ಅಂದ್ರು.

ಕೆಳಗ ಬಂದ್ರ ಮಠದ ಅಯ್ಯನವರು ಅಂಗಡಿ ಮುಂದ ನಿಂತಿದ್ರು. ನಮ್ಮನ್ನ ನೋಡಿ, ಅಯ್ಯ ಶಿವನ, ಏನು ಮಾಡಿದ್ರಬೇ ನೀವು ಅಂದ್ರು. ಈ ವರ್ಷ ಎರಡು ಶ್ರಾವಣ ಅಲ್ಲೇನು, ಈಗ ನಡದಿದ್ದು ಅಧಿಕ ಮಾಸ, ಇದು ವರ್ಷದ ಲೆಕ್ಕಕ್ಕ ಬರಂಗಿಲ್ಲ, ಹುಲಗಪ್ಪ ತೀರಿದ ಶ್ರಾವಣ ದಶಮಿ ಮುಂದಿನ ನಿಜ ಶ್ರಾವಣದಾಗ ಬರ್ತೈತಿ ಅಂದ್ರು. ಅಂದ್ರ ನಮಗ ಇನ್ನೂ ವರ್ಷ ತುಂಬಿಲ್ಲ. ನಿಮ್ಮಪ್ಪ ಎಣಿಸಿದ್ದ ಅಮಾಸಿ ಹನ್ನೆರಡೂ ಖರೆ, ಅಧಿಕ ಒಂದು ನಡುವ ಬಂದಿದ್ದು ಅವರ ಲೆಕ್ಕದಾಗ ಸಿಗಲಿಲ್ಲ. ಸೂತಕದಾಗ ಗುಡ್ಡ ಹತ್ತಿದ್ವಿ, ದೇವರ ಮಾರಿ ನೋಡಿದ್ವಿ, ಇಟ್ಟ ಎಡೀನೂ ಹುಲಗಪ್ಪಗ ಮುಟ್ಟಿಲ್ಲ. ನಿಮ್ಮಪ್ಪ ಅಂದಿನಿಂದ ಸರಿಯಾಗಿ ಉಂಡಿಲ್ಲ. ನನ್ನ ಕೈಯಾರೆ ತಪ್ಪಿತು, ಮತ್ತೇನು ಕೆಟ್ಟದ್ದು ಕಾದೈತೋ ಅಂತ ಹಟ್ಟಿ ಮುಂದ ಕುಂತಾರ. ನಿಮ್ಮವ್ವ ಮಾತ್ರ, ಹತ್ತಿದ್ದು ಹತ್ತೀವಿ, ಇನ್ನ ಕೆಟ್ಟದ್ದು ಆಗಾಕ ಏನು ಉಳದೈತಿ ಅಂದ್ರು. ನನಗೂ ಹಂಗ ಅನಸ್ತು. ಹೆದರಿಕಿ ಬರಲಿಲ್ಲ.

ಮುನವ್ವರ ಹೊರಗ ಹಾರ್ನ್ ಹೊಡ್ಯಾಕತ್ಯಾನ, ಕತ್ತಲಾಗೂದ್ರಾಗ ಗಿಣಿಗೇರಾ ಮುಟ್ಟಬೇಕಂತ. ಅವನ ಕೈಯಾಗ ನಾಲ್ಕು ಹೋಳಿಗಿ ಕೊಟ್ಟೀನಿ, ಮೊನ್ನಿನವಲ್ಲ, ಇವತ್ತು ಹೊಸದಾಗಿ ಮಾಡಿದ್ದು. ಬಿಸಿ ಮಾಡ್ಕೊಂಡು ತಿನ್ರಿ. ಭವಾನಿ ನಮಸ್ಕಾರ ಹೇಳ್ಯಾಳ. ಹಿರೇರು ಏನೂ ಹೇಳಿಲ್ಲ, ಅವರ ಆಶೀರ್ವಾದ ಇದ್ದಂಗ ಅಂತ ನಾನು ತಿಳ್ಕೊಂಡೀನಿ, ನೀವೂ ಹಂಗ ತಿಳ್ಕೋರಿ. ಮೈ ಜ್ವಾಕಿ.

ಇಂತಿ ನಿಮ್ಮಾಕಿ,
ಸುಮಂಗಲಾ

ತಾ.ಕ.: ಲಕೋಟಿ ಅಂಟಿಸೂದ್ರಾಗ ಈಗ ಒಂದು ಮಾತಾತು. ನಿಜ ಶ್ರಾವಣದ ದಶಮಿ ಇದ ತಿಂಗಳ ಇಪ್ಪತ್ತಾರಕ್ಕ, ಶನಿವಾರ ಬರ್ತೈತಿ. ಅವತ್ತು ಮತ್ತೊಮ್ಮೆ ನಾನ ಎಡಿ ಇಡ್ತೀನಿ, ಈ ಸಲ ಅಯ್ಯನವರನ್ನ ಕೇಳೇ ಇಡ್ತೀನಿ ಅಂತ ನಿಮ್ಮಪ್ಪ ಅಂದ್ರು. ನಿಮ್ಮವ್ವ ಕಾಯಿ ಬುಟ್ಟಿ ಕೆಳಗ ಇಟ್ಟು ಎದ್ದು ಬಂದ್ರು. ಹೆತ್ತಪ್ಪ ಮಗನಿಗೆ ಎಡಿ ಇಡ್ತಾನೇನು, ತಮ್ಮಗ ಇಡಾಂವ ಅಣ್ಣ, ನನ್ನ ದೊಡ್ಡಾಂವ ಇನ್ನೂ ಅದಾನ ಅಂದ್ರು. ಅಂವ ಬಂದು ಕೈಯಾರೆ ಇಡೂತನ ಈ ಮನಿಗೆ ವರ್ಷ ತುಂಬಂಗಿಲ್ಲ, ಎಷ್ಟು ಶ್ರಾವಣ ಹೋಗ್ತಾವೋ ಹೋಗ್ಲಿ ಅಂದ್ರು.