ನೀಲಿ ಕೊಂಬಿನ ಎಮ್ಮೆ ಕೊಟ್ಟ ಸುಳಿವು

ಬಂಗೂರನಗರ, ದಾಂಡೇಲಿ
೨೨ ಸೆಪ್ಟೆಂಬರ್ ೨೦೨೪, ಭಾನುವಾರ

ಗೆಳತಿ ನಸ್ರೀನಳಿಗೆ ವಿದ್ಯಾವತಿಯ ನಮಸ್ಕಾರ.

ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಸಮಸ್ತ ಪಕ್ಷಿಪ್ರಿಯರಿಗೂ, ಸಮಸ್ತ ಪಕ್ಷಿಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ‘ಕೆರೆ ದಂಡಿ ಬಳಗ’ ಎಂಬ ವಾಟ್ಸಾಪ್ ಗುಂಪಿನ ಅಡ್ಮಿನ್ ಪದವಿಯನ್ನು ನಾಲ್ಕು ವರ್ಷ ಎರಡು ತಿಂಗಳು ಅಲಂಕರಿಸಿದ್ದ ನಾನು, ನಿನ್ನೆ ಸಂಜೆ ಚಹಾ ಕುಡಿಯುತ್ತ ಅದನ್ನು ತ್ಯಜಿಸಿದ್ದೇನೆ. ಹಾರವಿಲ್ಲ, ಶಾಲಿಲ್ಲ, ಬೀಳ್ಕೊಡುಗೆಯ ಭಾಷಣವಿಲ್ಲ. ಮೂವತ್ತೇಳು ಮಂದಿಯಲ್ಲಿ ಒಬ್ಬರು ಕೈ ಮುಗಿದ ಚಿತ್ರ ಕಳಿಸಿದರು. ವಿಚಾರಿಸಿದರೆ ಅದು ಇನ್ಯಾರದೋ ಹುಟ್ಟುಹಬ್ಬಕ್ಕಂತೆ.

ಎರಡು ವಾರದಿಂದ ನೀನು ಫೋನು ಎತ್ತುತ್ತಿಲ್ಲ. ಆದ್ದರಿಂದ ಅಂಚೆ. ನಿನ್ನ ಟೇಲರಿಂಗ್ ಅಂಗಡಿಯ ಬಾಗಿಲಲ್ಲಿ ಅಂಚೆಯವನು ಕವರು ಚಾಚಿದರೆ, ಗಿರಾಕಿಗಳ ಎದುರು ನೀನು ಒಲ್ಲೆ ಎನ್ನಲಾರೆ ಎಂಬ ಧೈರ್ಯ ನನ್ನದು.

ಮೊದಲು ಹೊಟ್ಟೆಕಿಚ್ಚಿನ ವಿಷಯ ಮುಗಿಸಿಬಿಡುತ್ತೇನೆ. ಆಗಸ್ಟ್ ಕೊನೆಗೆ ನೀನು ಗುಂಪಿನಲ್ಲಿ ಹಾಕಿದ ಆ ಫೋಟೋ: ಜವುಗು ಹುಲ್ಲಿನ ನಡುವೆ ಗೂಡು, ಗೂಡಿನ ಮೇಲೆ ಕಾವು ಕೂತ ಪೇಂಟೆಡ್ ಸ್ನೈಪ್. ಇದ್ದೂ ಇಲ್ಲದಂತೆ ಬದುಕುವ ಹಕ್ಕಿ ಅದು. ಹೆಣ್ಣಿಗೆ ಅಂದಚೆಂದ, ಗಂಡಿಗೆ ಮೊಟ್ಟೆಯ ಜವಾಬ್ದಾರಿ. ಇಂಥ ಸಂಸಾರವೂ ಉಂಟು ನೋಡಿ ಎಂದು ನಮ್ಮ ಯಜಮಾನರಿಗೆ ತೋರಿಸಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ಹಾಲು ಉಕ್ಕಾಕ್ಹತ್ತೈತಿ ನೋಡು” ಎಂದರು.

ಎಂಟು ವರ್ಷದಿಂದ ಆ ಹಕ್ಕಿಯ ಹಿಂದೆ ಬಿದ್ದವಳು ನಾನು. ನನ್ನ ಲೆನ್ಸು ನಿನ್ನದಕ್ಕಿಂತ ಒಂದು ಗೇಣು ಉದ್ದ. ಆದರೂ ನನಗೆ ದಕ್ಕಿದ್ದು ಒಂದೇ ಚಿತ್ರ. ಅದರಲ್ಲಿ ಕಾಣುವುದು ಬಾಲ ಎಂದು ನಾನು, ಹುಲ್ಲು ಎಂದು ಉಳಿದವರು. ನೀನಾದರೋ ಬ್ಲೌಸಿಗೆ ಹುಕ್ಕು ಹಚ್ಚಿದಷ್ಟು ಸಲೀಸಾಗಿ ಗೂಡನ್ನೇ ತಂದೆ. ನನ್ನ ಬ್ಲೌಸು ಮೂರು ತಿಂಗಳಿಂದ ನಿನ್ನ ಅಂಗಡಿಯಲ್ಲಿ ತೋಳಿಲ್ಲದೆ ನೇತಾಡುತ್ತಿರುವುದು ಏಕೆಂದು ಅಂದು ಅರ್ಥವಾಯಿತು.

ಎಲ್ಲಿ ಎಂದು ಫೋನಿನಲ್ಲಿ ಕೇಳಿದೆ. “ವಿದ್ಯಾ, ನಿನಗ ಹೇಳೂದಂದ್ರ ಮೈಕ್ ಹಚ್ಚಿ ಹೇಳಿದಂಗ. ಮರಿ ಆಗ್ಲಿ, ನಾನ ಕೈ ಹಿಡದು ಕರ್ಕೊಂಡು ಹೋಗ್ತೇನಿ” ಎಂದೆ ನೀನು. ನಗುತ್ತಲೇ ಅಂದೆ. ನಾನೂ ನಕ್ಕೆ. ಫೋನಿಟ್ಟ ಮೇಲೆ ನಗಲಿಲ್ಲ.

ಗೂಡಿನ ಜಾಗ ಯಾರಿಗೂ ಹೇಳಬಾರದು ಎಂಬುದು ನಮ್ಮ ಗುಂಪಿನ ಮೂರನೆಯ ನಿಯಮ. ಅದನ್ನು ಬರೆದವಳು ನಾನೇ, ದಪ್ಪ ಅಕ್ಷರದಲ್ಲಿ. ಆದರೆ ನಿಯಮವೆಂಬುದು ಮಂದಿಗೆ. ನನಗಲ್ಲ ಎಂದೇ ಅಂದುಕೊಂಡಿದ್ದೆ.

ಆ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕೆರೆಯ ಏರಿ ಕಾಣದಂತೆ, ಗುಡಿ ಕಾಣದಂತೆ, ಕಂಬ ಕಾಣದಂತೆ ನೀನು ಜಾಣತನದಿಂದ ತೆಗೆದಿದ್ದೆ. ಮೂಲೆಯಲ್ಲಿ ಮಾತ್ರ ಒಂದು ಎಮ್ಮೆ. ಅದರ ಒಂದು ಕೊಂಬು ನೀಲಿ, ಇನ್ನೊಂದು ಬೋಳು. ನಸ್ರೀನ, ಮೇ ತಿಂಗಳಲ್ಲಿ ನಿವೃತ್ತಳಾಗುವವರೆಗೆ ತೇರಗಾಂವದಲ್ಲಿ ಮಾಸ್ತರಿಕೆ ಮಾಡಿದವಳು ನಾನು. ಶಾಲೆಯ ಕಿಟಕಿಗೆ ಬಳಿದು ಉಳಿದ ನೀಲಿ ಬಣ್ಣವನ್ನು ಹೋದ ದೀಪಾವಳಿಗೆ ಹೊಳೆವ್ವನ ಎಮ್ಮೆಗೆ ಕೊಟ್ಟವಳೂ ನಾನೇ. ಒಂದೇ ಕೊಂಬಿಗೆ ಸಾಲಿತ್ತು.

ಮರುಭಾನುವಾರ ಮೊದಲ ಬಸ್ಸಿಗೇ ತೇರಗಾಂವಕ್ಕೆ ಹೋದೆ. ಕೆರೆಯ ಏರಿಯ ಮೇಲೆ ಹೊಳೆವ್ವ ಹುಲ್ಲಿನ ಹೊರೆ ಇಳಿಸಿ ನಿಂತಳು. “ಬರ್ರಿ ಟೀಚರ್ರ, ಹಕ್ಕಿ ನೋಡಾಕ ಬಂದ್ರೇನು? ಈ ಬದು ದಾಟಿ ಯಾರನ್ನೂ ಬಿಡಬ್ಯಾಡ ಅಂತ ನಸ್ರೀನವ್ವ ಹೇಳ್ಯಾಳ್ರಿ. ನಾನೂ ಎಮ್ಮಿ ಈ ಕಡೆ ಮೇಸಾಕ ಬಿಟ್ಟಿಲ್ಲ, ನಾಕ್ ದಿನ ಆತು. ನೀವಾದ್ರ ಆಕಿ ಗೆಳತಿ. ನಿಮಗೇನ ಅಡ್ಡಿ, ಹೋಗ್ರಿ.”

ನಿನ್ನ ಹೆಸರಿನ ಚೀಟಿ ತೋರಿಸಿ ಒಳಗೆ ಹೋದಂತಾಯಿತು. ಹಕ್ಕಿ ಸಿಕ್ಕಿತು, ಫೋಟೋ ಸಿಕ್ಕಿತು. ನಿನ್ನ ಫೋಟೋದಲ್ಲಿ ಅದರ ಕಣ್ಣಿಗೆ ಎರಡು ಹುಲ್ಲೆಸಳು ಅಡ್ಡ ಇದ್ದವು. ನನ್ನದರಲ್ಲಿ ಒಂದೂ ಇಲ್ಲ. ಅದೃಷ್ಟ ಎಂದು ಎಲ್ಲರಿಗೂ ಹೇಳಿದೆ.

ಗುಂಪಿನಲ್ಲಿ ಹಾಕಿದೆ. “ಅದ್ಭುತ ಮೇಡಂ, ಎಲ್ಲಿ?” ಎಂದರು ಹುಬ್ಬಳ್ಳಿಯ ಅಡಿವೆಯ್ಯನವರು. ಜಾಗವನ್ನು ಯಾರೋ ಹಬ್ಬಿಸಿದ್ದಾರೆಂದು ಆಮೇಲೆ ನಿನಗೆ ಹೇಳಿದ್ದೆನಲ್ಲ, ಆ ಯಾರೋ ನಾನೇ. ಮೇಡಂ ಎಂದೊಡನೆ ಬೆರಳು ತಾನಾಗಿ ಓಡಿ ಊರಿನ ಹೆಸರು ಬರೆಯಿತು. ಒಂಬತ್ತು ನಿಮಿಷಕ್ಕೆ ಅಳಿಸಿದೆ. ಆದರೆ ನಮ್ಮ ಬಳಗಕ್ಕೆ ಒಂಬತ್ತು ನಿಮಿಷ ಬೇಕಾದಷ್ಟಾಯಿತು.

ಮುಂದಿನ ಭಾನುವಾರದ್ದು ನಿನಗೇ ಗೊತ್ತು. ನಾಲ್ಕು ಗಾಡಿ, ಹದಿನಾಲ್ಕು ಜನ. ಅಡಿವೆಯ್ಯನವರು ಮೊಬೈಲಿನಲ್ಲಿ ಹಕ್ಕಿಯ ಕೂಗು ಹಚ್ಚಿ ನಿಜವಾದ ಹಕ್ಕಿಯನ್ನು ಕರೆಯುತ್ತಿದ್ದರು. ನೀನು ಬದುವಿನ ಮೇಲೆ ಎರಡೂ ಕೈ ಚಾಚಿ ನಿಂತು ಬೇಡಿಕೊಳ್ಳುತ್ತಿದ್ದೆ. ನನ್ನನ್ನು ಕಂಡು ಬಯ್ಯಬಹುದಿತ್ತು. “ಬಂದ್ಯಾ? ಸಾಲಿನಾಗ ನಿಂದ್ರು, ನಿನ್ನ ಮಂದೀನ ಎಲ್ಲಾ” ಎಂದೆ, ಅಷ್ಟೇ.

ಕೊನೆಗೆ ಕೆಲಸ ಮಾಡಿದ್ದು ನಿನ್ನ ಬೇಡಿಕೆಯೂ ಅಲ್ಲ, ನನ್ನ ನಿಯಮವೂ ಅಲ್ಲ. ಹೊಳೆವ್ವ ಎಮ್ಮೆಯ ಹಗ್ಗ ಬಿಚ್ಚಿದಳು. “ದಾರಿ ಬಿಡ್ರೆಪಾ, ನಮ್ಮೆಮ್ಮಿಗಿ ಫೋಟೋ ಅಂದ್ರ ಆಗೂದಿಲ್ಲ!” ಮೂರು ಕಾಲಿನ ಸ್ಟ್ಯಾಂಡುಗಳು ನಾಲ್ಕು ಕಾಲಿನ ಎದುರು ನಿಲ್ಲಲಿಲ್ಲ. ಅಡಿವೆಯ್ಯನವರ ಒಂದು ಬೂಟು ಇನ್ನೂ ಆ ಕೆಸರಿನಲ್ಲಿದೆ. ನಗು ಬರಬೇಕಿತ್ತು. ಅಷ್ಟರಲ್ಲಿ ಅಪ್ಪ ಹಕ್ಕಿ ಎದ್ದು ಹಾರಿತ್ತು. ಕಾಗೆ ಇಳಿದು ನಾಲ್ಕರಲ್ಲಿ ಒಂದು ಮೊಟ್ಟೆಯನ್ನು ಕಚ್ಚಿಕೊಂಡು ಹೋದದ್ದನ್ನು ನಾವಿಬ್ಬರೂ ನೋಡಿದೆವು. ನೀನು ನನ್ನತ್ತ ತಿರುಗದೆ ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಸಂಜೆಯ ಹೊತ್ತಿಗೆ ಆ ಹಕ್ಕಿ ಮರಳಿ ಬಂತು. ಇದನ್ನು ಹೇಳಲೆಂದೇ ಇಪ್ಪತ್ತು ಸಲ ಫೋನು ಮಾಡಿದ್ದು.

ಅಂದಿನಿಂದ ದಿನಾ ಮೊದಲ ಬಸ್ಸು ನನ್ನದು. ಕ್ಯಾಮೆರಾ ಮನೆಯ ಕಪಾಟಿನಲ್ಲಿ. ಬದುವಿನ ಈಚೆಗೆ ಕೊಡೆ ಹಿಡಿದು ಕೂಡುತ್ತೇನೆ. ಜೋಯಿಡಾ ಕಡೆಯ ರಾಮನಗರದಿಂದ ಬಂದ ಇಬ್ಬರಿಗೆ, ಹಕ್ಕಿ ಮುಂಡಗೋಡದ ಕಡೆ ಹೋಯಿತಂತೆ ಎಂದು ಮಾಸ್ತರಮ್ಮನ ದನಿಯಲ್ಲಿ ಹೇಳಿದೆ. ಪಾಪ, ಹೋದರು. ಮುಂಡಗೋಡದವರು ಕ್ಷಮಿಸಲಿ.

ಮೊನ್ನೆ ಗುರುವಾರ ಬೆಳಿಗ್ಗೆ ಮೂರು ಮರಿ ಹೊರಬಂದವು. ಹೆಬ್ಬೆರಳಿನಷ್ಟು ಗಾತ್ರ, ಬೆನ್ನ ಮೇಲೆ ಪಟ್ಟೆ. ಅಪ್ಪನ ಹಿಂದೆ ಓಡಿ ಹುಲ್ಲಿನಲ್ಲಿ ಕರಗಿದವು. ನೀನು ನೋಡಿಲ್ಲ, ನಾನು ನೋಡಿದೆ! ಎಂಟು ವರ್ಷದಲ್ಲಿ ಮೊದಲ ಬಾರಿಗೆ ನಿನ್ನನ್ನು ಸೋಲಿಸಿದ್ದೆ. ಹಿಗ್ಗಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಪಕ್ಕಕ್ಕೆ ತಿರುಗಿ “ನೋಡಽ” ಎಂದೆ. ಪಕ್ಕದಲ್ಲಿ ಎಮ್ಮೆ ಇತ್ತು.

ಈಗ ಅವು ಗೂಡು ಬಿಟ್ಟು ಬೇರೆ ಕಡೆ ಇವೆ. ಎಲ್ಲಿ ಎಂದು ಬರೆಯುವುದಿಲ್ಲ, ಅಂಚೆಯವನಿಗೂ ಕಣ್ಣಿವೆ. ನೀನು ಬಂದರೆ ನಾನೇ ಕೈ ಹಿಡಿದು ಕರೆದೊಯ್ಯುತ್ತೇನೆ.

ಇಂತಿ,
ನಿನ್ನ ಮೈಕು,
ವಿದ್ಯಾವತಿ

ತಾ.ಕ.: ಗೂಡಿನ ಮುಂದಿನ ಹುಲ್ಲನ್ನು ಅಡಿವೆಯ್ಯ ಕಿತ್ತಿರಬೇಕೆಂದು ಅಂದು ಬದುವಿನ ಮೇಲೆ ನೀನು ಗೊಣಗಿದ್ದೆ. ನಾನೂ ಹೂಂ ಎಂದಿದ್ದೆ. ಕಿತ್ತವಳು ನಾನು, ಅದಕ್ಕೂ ಒಂದು ವಾರ ಮೊದಲು, ಕಣ್ಣು ಸ್ಪಷ್ಟವಾಗಿ ಬರಲೆಂದು. ಆ ಹುಲ್ಲಿದ್ದಿದ್ದರೆ ಕಾಗೆಗೆ ಮೊಟ್ಟೆ ಕಾಣುತ್ತಿರಲಿಲ್ಲ. ನನ್ನ ಫೋಟೋವನ್ನು ಗುಂಪಿನಿಂದ ಅಳಿಸಿದ್ದೇನೆ. ಕ್ಯಾಮೆರಾದಲ್ಲಿ ಇನ್ನೂ ಇದೆ; ಅದನ್ನು ನೀನು ಬಂದು ಅಳಿಸು, ನನ್ನಿಂದ ಆಗುತ್ತಿಲ್ಲ.

ಇನ್ನೊಂದು ಸಣ್ಣ ಕೆಲಸ. ನಿನ್ನ ಫೋಟೋ ಇನ್ನೂ ಊರೂರು ತಿರುಗುತ್ತಿದೆ, ನೀಲಿ ಕೊಂಬಿನ ಗುರುತು ಹಿಡಿಯುವ ನನ್ನಂಥವಳು ಇನ್ನೊಬ್ಬಳು ಇರಬಹುದು. ಬರುವಾಗ ಹಳಿಯಾಳದ ಅಂಗಡಿಯಿಂದ ಕೆಂಪು ಬಣ್ಣದ ಚಿಕ್ಕ ಡಬ್ಬಿ, ಒಂದು ಬ್ರಶ್ಶು ತಾ. ಎರಡೂ ಕೊಂಬಿಗೆ ಸಾಲುವಷ್ಟಿರಲಿ. ಹೊಳೆವ್ವ ಒಪ್ಪಿದ್ದಾಳೆ. ಎಮ್ಮೆಯನ್ನು ಇನ್ನೂ ಕೇಳಿಲ್ಲ.